ಹಾವು ಕಟ್ಟಿದ ಹುತ್ತ: ಪಾಟರ್‌ಮೋರ್ ಎಂಬ ನಾಲ್ಕು ವರ್ಷದ ಊರು

"ನೀನು ಯಾವ ಹೌಸ್?" ಅಂತ ಬೆಂಗಳೂರಿನ ಯಾವುದಾದರೂ ಐಟಿ ಆಫೀಸಿನ ಕೆಫೆಟೇರಿಯಾದಲ್ಲಿ ಕೇಳಿ ನೋಡಿ. ಯಾರಾದರೊಬ್ಬರು ತಡವರಿಸದೆ "ರೇವನ್‌ಕ್ಲಾ" ಅಂತಲೋ "ಹಫಲ್‌ಪಫ್" ಅಂತಲೋ ಹೇಳೇ ಹೇಳ್ತಾರೆ. ಹ್ಯಾರಿ ಪಾಟರ್ ಓದುವ ಹಾಗ್ವಾರ್ಟ್ಸ್ ಶಾಲೆಯಲ್ಲಿ ನಾಲ್ಕು ತಂಡಗಳಿವೆಯಲ್ಲ, ಅದರಲ್ಲಿ ತಮ್ಮದು ಯಾವುದು ಅಂತ. ಪುಸ್ತಕ ಓದಿ ನೀವೇ ತೀರ್ಮಾನ ಮಾಡಿಕೊಂಡಿರಾ ಅಂತ ಕೇಳಿದರೆ ಸ್ವಲ್ಪ ಅವಮಾನ ಆದವರ ಥರ ನೋಡ್ತಾರೆ. "ಇಲ್ಲಪ್ಪಾ, ಟೆಸ್ಟ್ ತಗೊಂಡಿದ್ದೆ. ಅಫೀಶಿಯಲ್ ಟೆಸ್ಟ್!"

ಆ ಅಫೀಶಿಯಲ್ ಟೆಸ್ಟ್ ಇದ್ದದ್ದು ಪಾಟರ್‌ಮೋರ್ ಎಂಬ ಜಾಲತಾಣದಲ್ಲಿ. ಜೆ.ಕೆ. ರೌಲಿಂಗ್ ಅವರೇ ಮುಂದೆ ನಿಂತು 2011ರಲ್ಲಿ ಘೋಷಿಸಿದ್ದು, 2012ರಲ್ಲಿ ಎಲ್ಲರಿಗೂ ಬಾಗಿಲು ತೆರೆದದ್ದು, 2015ರ ಒಂದು ಮಂಗಳವಾರ ಒಳಗಿನ ಗೋಡೆಗಳನ್ನೆಲ್ಲ ಕೆಡವಿ ಬೇರೆಯದೇ ಕಟ್ಟಡವಾಗಿ ನಿಂತದ್ದು. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಪುಸ್ತಕದ ಕಥೆಯಷ್ಟೇ ಈ ತಾಣದ ಕಥೆಯೂ ಇಷ್ಟ. ಒಂದು ಕಥಾಲೋಕ ಯಾರದ್ದು ಅನ್ನುವ ಜಗಳ, ಅದರಲ್ಲಿ ಗೆದ್ದವರು ಗೆದ್ದದ್ದನ್ನು ಏನು ಮಾಡಿದರು ಅನ್ನುವ ಲೆಕ್ಕ, ಎರಡೂ ಇದರೊಳಗಿವೆ.

ಕಥೆ ಶುರುವಾಗುವುದು ಮಾತ್ರ ಪಾಟರ್‌ಮೋರ್‌ಗಿಂತ ಹನ್ನೆರಡು ವರ್ಷ ಮೊದಲು. ಮತ್ತು ಅದನ್ನು ಶುರು ಮಾಡಿದ್ದು ಮಕ್ಕಳು.

1999ರಲ್ಲಿ ಅಮೆರಿಕದಲ್ಲಿ ಎಮರ್ಸನ್ ಸ್ಪಾರ್ಟ್ಜ್ ಎಂಬ 12 ವರ್ಷದ ಹುಡುಗ ಮಗಲ್‌ನೆಟ್ ಎಂಬ ತಾಣ ಶುರು ಮಾಡಿದ. ಮರುವರ್ಷ ಲೀಕಿ ಕಾಲ್ಡ್ರನ್ ಬಂತು. ಅದೇ ಹೊತ್ತಿಗೆ ಸ್ಟೀವ್ ವ್ಯಾಂಡರ್ ಆರ್ಕ್ ಎಂಬ ಶಾಲಾ ಲೈಬ್ರರಿಯನ್ನೊಬ್ಬರು ಪುಸ್ತಕದಲ್ಲಿ ಬರುವ ಪ್ರತಿಯೊಂದು ಮಂತ್ರ, ಪ್ರಾಣಿ, ಊರು, ಮನುಷ್ಯರನ್ನು ಅಕಾರಾದಿಯಾಗಿ ಜೋಡಿಸಿ ಹ್ಯಾರಿ ಪಾಟರ್ ಲೆಕ್ಸಿಕನ್ ಅಂತ ಒಂದು ಕೋಶ ಕಟ್ಟಿದರು. ಇವರ್ಯಾರಿಗೂ ಸಂಬಳ ಇಲ್ಲ, ಯಾರೂ ಕೇಳಿಯೂ ಇರಲಿಲ್ಲ. ಒಂದು ಪುಸ್ತಕ ಮುಗಿದು ಇನ್ನೊಂದು ಬರುವವರೆಗೆ ವರ್ಷಗಟ್ಟಲೆ ಕಾಯಬೇಕಿತ್ತು. ಆ ಖಾಲಿ ವರ್ಷಗಳಲ್ಲಿ ಓದುಗರು ತಾವೇ ಮನೆ ಕಟ್ಟಿಕೊಂಡರು, ಅಷ್ಟೆ.

ಸಿನಿಮಾ ಹಕ್ಕು ಕೊಂಡಿದ್ದ ವಾರ್ನರ್ ಬ್ರದರ್ಸ್‌ಗೆ ಇದು ಬೇರೆ ಥರ ಕಂಡಿತು. ಮೊದಲ ಸಿನಿಮಾ ಬರುವುದಕ್ಕೆ ಒಂದು ವರ್ಷ ಮುಂಚೆ, 2000ದ ಕೊನೆಯಲ್ಲಿ, ಹ್ಯಾರಿ ಪಾಟರ್ ಸಂಬಂಧಿತ ಡೊಮೇನ್ ಹೆಸರು ಇಟ್ಟುಕೊಂಡವರಿಗೆಲ್ಲ ವಕೀಲರ ಪತ್ರ ಹೋಯಿತು: ಹೆಸರು ನಮಗೆ ಬಿಟ್ಟುಕೊಡಿ, ಇಲ್ಲವಾದರೆ ಮುಂದಿನ ಕ್ರಮ. ಇಂಗ್ಲೆಂಡಿನ 15 ವರ್ಷದ ಹುಡುಗಿಯೊಬ್ಬಳಿಗೂ ಒಂದು ಪತ್ರ ಬಂತು. ಪತ್ರಿಕೆಗಳು ಬಿಡ್ತಾವಾ? ದೊಡ್ಡ ಸ್ಟುಡಿಯೋ ಚಿಕ್ಕ ಹುಡುಗಿಯ ಮೇಲೆ ಬಿದ್ದಿದೆ ಅಂತ ಬರೆದವು. ಅತ್ತ ಅಮೆರಿಕದಲ್ಲಿ ಇನ್ನೊಬ್ಬ ಹದಿಹರೆಯದ ಹುಡುಗಿ ಸಿನಿಮಾ ಸಂಬಂಧಿತ ಸರಕುಗಳನ್ನೇ ಕೊಳ್ಳಬೇಡಿ ಅಂತ ಬಹಿಷ್ಕಾರ ಶುರು ಮಾಡಿದಳು. ಸ್ಟುಡಿಯೋ 2001ರಲ್ಲಿ ಹಿಂದೆ ಸರಿಯಿತು. ಸಿನಿಮಾ ನೋಡಬೇಕಾದ ಮಕ್ಕಳ ಮೇಲೇ ಕೇಸು ಹಾಕಿಕೊಂಡು ಟಿಕೆಟ್ ಮಾರೋದು ಕಷ್ಟ ಅಂತ ಯಾರೋ ಲೆಕ್ಕ ಹಾಕಿರಬೇಕು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತು ಅಂತ ನಮ್ಮೂರ ಕಡೆ ಒಂದು ಮಾತಿದೆ. ಇಲ್ಲಿ ಹಾವು ಸೇರಿಕೊಳ್ಳಲು ನೋಡಿತು, ಆಗಲಿಲ್ಲ.

ರೌಲಿಂಗ್ ಅವರ ಪಾತ್ರ ಇದರಲ್ಲಿ ಇಷ್ಟು ಸರಳ ಅಲ್ಲ. ಅವರಿಗೆ ಈ ತಾಣಗಳ ಮೇಲೆ ನಿಜವಾದ ಪ್ರೀತಿ ಇತ್ತು. 2004ರಲ್ಲಿ ತಮ್ಮದೇ ಒಂದು ಜಾಲತಾಣ ತೆರೆದರು. ತೆರೆದರೆ ಬರಹಗಾರರ ಮೇಜು ಕಾಣುತ್ತಿತ್ತು. ಅಲ್ಲಿ ಇಲ್ಲಿ ಒತ್ತಿದರೆ ಗುಟ್ಟು ಬಿಚ್ಚಿಕೊಳ್ಳುತ್ತಿತ್ತು. ಮೆಚ್ಚಿದ ಅಭಿಮಾನಿ ತಾಣಗಳಿಗೆ ಅಲ್ಲೇ ಪ್ರಶಸ್ತಿಯನ್ನೂ ಕೊಡುತ್ತಿದ್ದರು. ಲೆಕ್ಸಿಕನ್‌ಗೂ ಅದು ಸಿಕ್ಕಿತು. ಹೊರಗೆಲ್ಲೋ ಕೂತು ಬರೆಯುವಾಗ ಏನಾದರೂ ಮರೆತುಹೋದರೆ, ಅಂಗಡಿಗೆ ಹೋಗಿ ತಮ್ಮದೇ ಪುಸ್ತಕ ಕೊಳ್ಳಲು ನಾಚಿಕೆಯಾಗಿ, ಇಂಟರ್ನೆಟ್ ಕೆಫೆಗೆ ನುಗ್ಗಿ ಲೆಕ್ಸಿಕನ್ ನೋಡಿದ್ದಿದೆ ಅಂತ ತಾವೇ ಹೇಳಿಕೊಂಡಿದ್ದರು. ಬರೆದವರೇ ಬಂದು ನೋಡುವಷ್ಟು ಒಳ್ಳೆಯ ಕೋಶ!

ಆದರೆ 2007ರಲ್ಲಿ ಆ ಲೆಕ್ಸಿಕನ್ ಅಚ್ಚಿನ ಪುಸ್ತಕವಾಗಿ ಬರಲು ಹೊರಟಾಗ ಪ್ರೀತಿ ಕೋರ್ಟಿಗೆ ಹೋಯಿತು. ಪ್ರಕಾಶಕರಾದ ಆರ್‌ಡಿಆರ್ ಬುಕ್ಸ್ ಮೇಲೆ ಅಕ್ಟೋಬರ್ 31ರಂದು ವಾರ್ನರ್ ಬ್ರದರ್ಸ್ ಮತ್ತು ರೌಲಿಂಗ್ ನ್ಯೂಯಾರ್ಕಿನಲ್ಲಿ ದಾವೆ ಹೂಡಿದರು. 2008ರ ಏಪ್ರಿಲ್‌ನಲ್ಲಿ ವಿಚಾರಣೆ. ರೌಲಿಂಗ್ ಸ್ವತಃ ಸಾಕ್ಷಿ ಹೇಳಿದರು: ಇಂಥದ್ದೊಂದು ಕೋಶವನ್ನು ತಾವೇ ಬರೆದು, ಬಂದ ಹಣವನ್ನು ದಾನಕ್ಕೆ ಕೊಡುವ ಯೋಚನೆ ಇದೆ ಅಂತ. ವ್ಯಾಂಡರ್ ಆರ್ಕ್ ಕಟಕಟೆಯಲ್ಲೇ ಅತ್ತರು. ಸೆಪ್ಟೆಂಬರ್ 8ರ ತೀರ್ಪು ಎರಡೂ ಕಡೆಯವರಿಗೆ ಸ್ವಲ್ಪ ಸ್ವಲ್ಪ ಸಿಹಿ ಕೊಟ್ಟಿತು. ಪುಸ್ತಕವೊಂದರ ಬಗ್ಗೆ ಆಕರಗ್ರಂಥ ಬರೆಯುವುದು ತಪ್ಪಲ್ಲ, ಆದರೆ ಈ ಗ್ರಂಥ ರೌಲಿಂಗ್ ಅವರ ಸಾಲುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಎತ್ತಿಕೊಂಡಿದೆ ಅಂದಿತು ಕೋರ್ಟು. ದಂಡ 6,750 ಡಾಲರ್. ಏಳು ಕಾದಂಬರಿ, ಎರಡು ಪೂರಕ ಪುಸ್ತಕ, ಒಂದಕ್ಕೆ 750ರಂತೆ. ಆ ಮಟ್ಟದ ವಕೀಲರಿಗೆ ಒಂದು ದಿನದ ಖರ್ಚಿಗೂ ಸಾಲದ ದುಡ್ಡು. ವ್ಯಾಂಡರ್ ಆರ್ಕ್ 2009ರಲ್ಲಿ ತಿದ್ದಿ ಬರೆದ ಪುಸ್ತಕ ತಂದರು, ಅದಕ್ಕೆ ಯಾರೂ ಅಡ್ಡ ಬರಲಿಲ್ಲ.

ಅದೇ 2007ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನ ದಾವೆಗೆ ಇನ್ನೂ ಕೆಲವು ದಿನ ಇರುವಾಗ, ಈ ಜಗಳ ನಮ್ಮ ದೇಶಕ್ಕೂ ಬಂದಿತ್ತು. ಕೋಲ್ಕತ್ತಾದ ಸಾಲ್ಟ್ ಲೇಕ್ ಬಡಾವಣೆಯ ಎಫ್.ಡಿ. ಬ್ಲಾಕ್‌ನವರು ದುರ್ಗಾಪೂಜೆಗೆ ಬಿದಿರು, ಬಟ್ಟೆ ಕಟ್ಟಿ ಹಾಗ್ವಾರ್ಟ್ಸ್ ಕೋಟೆಯನ್ನೇ ಪೆಂಡಾಲ್ ಆಗಿ ನಿಲ್ಲಿಸಿದ್ದರು. ದೆಹಲಿ ಹೈಕೋರ್ಟಿನಲ್ಲಿ ಅವರ ಮೇಲೆ ಕೇಸು, 20 ಲಕ್ಷ ರೂಪಾಯಿ ಪರಿಹಾರದ ಬೇಡಿಕೆ. ಲಾಭಕ್ಕಾಗಿ ಮಾಡಿದ್ದಲ್ಲ ಅನ್ನುವ ಕಾರಣಕ್ಕೆ ಹಬ್ಬ ಮುಗಿಯುವವರೆಗೆ ಇರಲಿ ಅಂತ ಕೋರ್ಟು ಬಿಟ್ಟಿತು. ಮುಂದೆ ಅನುಮತಿ ಇಲ್ಲದೆ ಮಾಡಬೇಡಿ ಅಂತಲೂ ಹೇಳಿತು. ಹಬ್ಬ ಮುಗಿಯಿತು, ಪೆಂಡಾಲ್ ಬಿಚ್ಚಿದರು. ಅದು ಬಿಚ್ಚುವುದಕ್ಕೇ ಕಟ್ಟಿದ್ದು ಅಂತ ಕಟ್ಟಿದ ದಿನವೇ ಎಲ್ಲರಿಗೂ ಗೊತ್ತಿತ್ತು.

ಈಗ 2011ಕ್ಕೆ ಬರೋಣ. ಕೊನೆಯ ಪುಸ್ತಕ ಬಂದು ನಾಲ್ಕು ವರ್ಷ ಆಗಿದೆ. ಕೊನೆಯ ಸಿನಿಮಾ ಜುಲೈನಲ್ಲಿ ಬರಲಿದೆ. ಅಂದರೆ ಕಾಯುವುದಕ್ಕೆ ಇನ್ನೇನೂ ಉಳಿದಿಲ್ಲ. ಜೂನ್ 23ರಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಪತ್ರಕರ್ತರನ್ನು ಕರೆದು ರೌಲಿಂಗ್ ಪಾಟರ್‌ಮೋರ್ ಘೋಷಿಸಿದರು. ಜೊತೆಗೆ ಪಾಲುದಾರರಾಗಿ ಸೋನಿ. ಏಳೂ ಪುಸ್ತಕಗಳನ್ನು ಅಧ್ಯಾಯ ಅಧ್ಯಾಯವಾಗಿ ಚಿತ್ರಗಳ ಮೂಲಕ ಹಾದುಹೋಗಬಹುದು, ಪುಸ್ತಕದಲ್ಲಿ ಇಲ್ಲದ ಹೊಸ ಬರಹ ಓದಬಹುದು, ತಾಣದ ಒಂದು ಭಾಗವನ್ನು ಓದುಗರೇ ಕಟ್ಟುತ್ತಾರೆ, ಎಲ್ಲಾ ಉಚಿತ. ಮೊದಲ ಕಂತಿಗೇ 18,000ಕ್ಕೂ ಹೆಚ್ಚು ಪದಗಳ ಹೊಸ ಬರಹ ಇತ್ತು. ಕೋರ್ಟಿನಲ್ಲಿ ಹೇಳಿದ್ದ ಕೋಶ ಪುಸ್ತಕವಾಗಿ ಬರಲಿಲ್ಲ. ಅದಕ್ಕೆಂದು ಕೂಡಿಟ್ಟ ಸಾಮಗ್ರಿ ಇಲ್ಲಿ ಚೂರುಚೂರಾಗಿ ಬರತೊಡಗಿತು.

ಮೊದಲು ಒಳಗೆ ಹೋಗಲು 10 ಲಕ್ಷ ಜನಕ್ಕೆ ಮಾತ್ರ ಅವಕಾಶ. ಅದಕ್ಕೊಂದು ಸ್ಪರ್ಧೆ ಇಟ್ಟರು. ಹ್ಯಾರಿಯ ಹುಟ್ಟುಹಬ್ಬವಾದ ಜುಲೈ 31ರಿಂದ ಏಳು ದಿನ, ದಿನಕ್ಕೊಂದು ಸುಳಿವು. ಮೊದಲ ದಿನದ ಸುಳಿವು ಹೀಗಿತ್ತು: ಕಥೆಯಲ್ಲಿ ಬರುವ ಗೂಬೆ ಅಂಗಡಿಯ ಫಲಕದ ಮೇಲೆ ಎಷ್ಟು ಜಾತಿಯ ಗೂಬೆಗಳ ಹೆಸರಿದೆ, ಅದನ್ನು 49ರಿಂದ ಗುಣಿಸಿ. ಐದು ಜಾತಿ, 245. ಆ ಸಂಖ್ಯೆಯನ್ನು ವಿಳಾಸದ ಕೊನೆಗೆ ಸೇರಿಸಿದರೆ ಬಾಗಿಲು ತೆರೆಯುತ್ತಿತ್ತು. ದಿನದ ಕೋಟಾ ಮುಗಿಯುವುದರೊಳಗೆ ಹೋಗಬೇಕು. ಸುಳಿವು ಯಾವಾಗ ಬರುತ್ತದೆ ಅಂತ ಮೊದಲೇ ಹೇಳುತ್ತಿರಲಿಲ್ಲ. ತತ್ಕಾಲ್ ಟಿಕೆಟ್‌ಗೆ ಬೆಳಿಗ್ಗೆ ಕೂತು ರಿಫ್ರೆಶ್ ಒತ್ತಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಒಳಗೆ ಹೋದರೆ ಮೊದಲ ಆಶ್ಚರ್ಯ: ನಿಮ್ಮ ಹೆಸರು ನೀವು ಇಟ್ಟುಕೊಳ್ಳುವಂತಿಲ್ಲ. ತಾಣವೇ ಒಂದಿಷ್ಟು ಹೆಸರು ಮುಂದಿಡುತ್ತಿತ್ತು. ಮಾಂತ್ರಿಕ ಲೋಕದ ಎರಡು ಪದ, ಕೊನೆಗೆ ಒಂದಷ್ಟು ಅಂಕಿ. ಅದರಲ್ಲೇ ಒಂದು ಆರಿಸಿಕೊಳ್ಳಬೇಕು. ಮಕ್ಕಳು ತಮ್ಮ ನಿಜವಾದ ಹೆಸರು, ಊರು ಹಾಕಿಕೊಂಡು ಯಾರ ಕಣ್ಣಿಗೋ ಬೀಳಬಾರದು ಅಂತ. ಒಬ್ಬರಿಗೊಬ್ಬರು ಖಾಸಗಿಯಾಗಿ ಮಾತಾಡುವ ದಾರಿಯೂ ಇರಲಿಲ್ಲ. ಆಗ ಕೆಲವರು ಇದನ್ನು ನೋಡಿ ನಕ್ಕರು. ಆಮೇಲಿನ ಹತ್ತು ವರ್ಷದಲ್ಲಿ ಸೋಶಿಯಲ್ ಮೀಡಿಯಾ ಮಕ್ಕಳಿಗೆ ಮಾಡಿದ್ದನ್ನು ನೋಡಿದ ಮೇಲೆ, ಪಾಟರ್‌ಮೋರ್ ಕಟ್ಟಿದವರು ತೆಗೆದುಕೊಂಡ ಅತ್ಯುತ್ತಮ ತೀರ್ಮಾನ ಇದೇ ಅಂತ ನನಗನಿಸುತ್ತದೆ.

ಆಮೇಲೆ ಊರು ಬಿಚ್ಚಿಕೊಳ್ಳುತ್ತಿತ್ತು. ಗ್ರಿಂಗಾಟ್ಸ್ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ ಒಂದಿಷ್ಟು ಚಿನ್ನದ ನಾಣ್ಯ. ಅದನ್ನು ಹಿಡಿದು ಡಯಗಾನ್ ಆಲಿಯ ಪೇಟೆಬೀದಿಯಲ್ಲಿ ಪುಸ್ತಕ, ಕಡಾಯಿ, ಸಾಕುಪ್ರಾಣಿ ಕೊಳ್ಳಬೇಕು. ದಂಡದ ಅಂಗಡಿಯಲ್ಲಿ ಏಳು ಪ್ರಶ್ನೆ ಕೇಳಿ ನಿಮ್ಮದೇ ಒಂದು ಮಂತ್ರದಂಡ ಕೊಡುತ್ತಿದ್ದರು: ಯಾವ ಮರ, ಒಳಗೆ ಏನಿದೆ, ಎಷ್ಟು ಇಂಚು, ಬಾಗುತ್ತದೋ ಇಲ್ಲವೋ. ನಂತರ ಆ ಟೋಪಿಯ ಪರೀಕ್ಷೆ. ಪ್ರಶ್ನೆಗಳನ್ನು ರೌಲಿಂಗ್ ಅವರೇ ಬರೆದಿದ್ದರು ಅನ್ನುವುದೇ ಅದರ ತೂಕ. ಬೆಳಗೋ ಬೈಗೋ, ಚಂದ್ರನೋ ನಕ್ಷತ್ರವೋ ಅನ್ನುವಂಥ, ಗೆಲ್ಲಲೂ ಸೋಲಲೂ ಆಗದ ಪ್ರಶ್ನೆಗಳು. ಧೈರ್ಯವಂತ ಅಂತ ಅನಿಸಿಕೊಳ್ಳಲು ಯಾವ ಉತ್ತರ ಒತ್ತಬೇಕು ಅಂತ ಊಹಿಸುವುದು ಸುಲಭ ಇರಲಿಲ್ಲ. ಹಾಗಾಗಿಯೇ ಬಂದ ಉತ್ತರವನ್ನು ಜನ ನಂಬಿದರು. ಗ್ರಿಫಿಂಡರ್ ಆಗಬೇಕೆಂದು ಬಂದವರು ಹಫಲ್‌ಪಫ್ ಆಗಿ, ಒಂದು ವಾರ ಬೇಜಾರು ಮಾಡಿಕೊಂಡು, ಆಮೇಲೆ ಹಳದಿ ಮಫ್ಲರ್ ಕೊಂಡುಕೊಂಡರು.

ಕಷಾಯ ಕಾಯಿಸುವ ಆಟವೊಂದಿತ್ತು. ಬೇರು ಅರೆದು, ಅಳೆದು ಹಾಕಿ, ಉರಿ ಸರಿಮಾಡಿ, ದಂಡ ಬೀಸಿ, ನಂತರ ಕಾಯಬೇಕು. ಕೆಲವಕ್ಕೆ ನಿಜವಾದ ಗಡಿಯಾರದಲ್ಲಿ ಒಂದು ಗಂಟೆಗೂ ಮೇಲೆ. ಚೆನ್ನಾಗಿ ಆದರೆ ನಿಮ್ಮ ಹೌಸ್‌ಗೆ ಪಾಯಿಂಟ್. ಅರೆಯುವಾಗ ಮೌಸ್ ಸ್ವಲ್ಪ ಜಾರಿದರೆ ಎಲ್ಲಾ ಹಾಳು. ನಿಜ ಹೇಳಬೇಕೆಂದರೆ ಆಟವಾಗಿ ಅದು ಅಷ್ಟೇನೂ ಚೆನ್ನಾಗಿರಲಿಲ್ಲ. ಸರ್ವರ್ ಆಗಾಗ ಕುಸಿಯುತ್ತಿತ್ತು. 2011ರ ಅಕ್ಟೋಬರ್‌ಗೆ ಎಲ್ಲರಿಗೂ ತೆರೆಯುತ್ತೇವೆ ಅಂದವರು, ಬೀಟಾದ ಜನಸಂದಣಿಯನ್ನೇ ತಡೆಯಲಾಗದೆ, 2012ರ ಏಪ್ರಿಲ್ 14ಕ್ಕೆ ತೆರೆದರು. ರಿಲೀಸ್ ಡೇಟ್ ಆರು ತಿಂಗಳು ಜಾರಿದರೆ ನಮ್ಮ ಆಫೀಸುಗಳಲ್ಲಿ ಎಷ್ಟು ಮೀಟಿಂಗ್ ನಡೆಯುತ್ತವೆ ಅಂತ ಗೊತ್ತಲ್ಲ! ಅಲ್ಲೂ ನಡೆದಿರುತ್ತವೆ.

ಆದರೂ ಜನ ಅಲ್ಲಿ ಇದ್ದರು. ಆಟಕ್ಕಾಗಿ ಅನ್ನುವುದಕ್ಕಿಂತ, ತಮ್ಮ ಥರದವರು ಗೋಡೆಯಾಚೆ ಇದ್ದಾರೆ ಅನ್ನುವುದಕ್ಕಾಗಿ. ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತೆ. ಊರಲ್ಲಿ ಆ ಪುಸ್ತಕ ಓದಿದವರು ನೀವೊಬ್ಬರೇ ಆದಾಗ ಹರ್ಮೈನಿಯನ್ನು "ಹರ್ಮಿಯೋನ್" ಅಂತ ವರ್ಷಗಟ್ಟಲೆ ಮನಸ್ಸಿನಲ್ಲೇ ಓದಿಕೊಂಡರೂ ತಿದ್ದುವವರು ಇರುವುದಿಲ್ಲ. (ಇಂಗ್ಲಿಷ್ ಮನೆಮಾತಿನವರೂ ಹಾಗೇ ಓದುತ್ತಿದ್ದರಂತೆ. ಅದಕ್ಕೇ ನಾಲ್ಕನೇ ಪುಸ್ತಕದಲ್ಲಿ ರೌಲಿಂಗ್ ಉಚ್ಚಾರಣೆಯನ್ನು ಕಥೆಯೊಳಗೇ ಹೇಳಿಕೊಟ್ಟರು.) ಪುಸ್ತಕದ ದೃಶ್ಯಗಳಿಗೆ ತಾವು ಬರೆದ ಚಿತ್ರಗಳನ್ನೂ ಓದುಗರು ಅಲ್ಲಿ ಏರಿಸಬಹುದಿತ್ತು. ಎಷ್ಟೋ ಮಕ್ಕಳು ಪೆನ್ಸಿಲ್‌ನಲ್ಲಿ ಬರೆದದ್ದನ್ನು ಸ್ಕ್ಯಾನ್ ಮಾಡಿ ಹಾಕಿದರು.

ಈ ಊರಿನಲ್ಲೊಂದು ಅಂಗಡಿಯೂ ಇತ್ತು. ಅಂಗಡಿಯ ಕಥೆ ಸ್ವಲ್ಪ ನಿಂತು ನೋಡುವಂಥದ್ದು, ಯಾಕೆಂದರೆ ಪುಸ್ತಕೋದ್ಯಮದ ಚರಿತ್ರೆಯಲ್ಲಿ ಪಾಟರ್‌ಮೋರ್ ಹೆಸರು ಉಳಿದಿರುವುದು ಮುಖ್ಯವಾಗಿ ಇದರಿಂದ.

1997ರಲ್ಲಿ ಬ್ಲೂಮ್ಸ್‌ಬರಿ ಮೊದಲ ಪುಸ್ತಕ ತಂದಾಗ ಇ-ಬುಕ್ ಹಕ್ಕು ಅಂದರೆ ಯಾರಿಗೂ ಲೆಕ್ಕಕ್ಕಿಲ್ಲದ ವಿಷಯ. ಆ ಹಕ್ಕು ರೌಲಿಂಗ್ ಬಳಿಯೇ ಉಳಿಯಿತು. ಅವರು ಬಹಳ ವರ್ಷ ಇ-ಬುಕ್ ಬೇಡವೇ ಬೇಡ ಅಂತ ಕೂತರು. ಪರಿಣಾಮ ಏನಾಯ್ತು? ಕೊನೆಯ ಪುಸ್ತಕ 2007ರ ಜುಲೈ 21ರಂದು ಇಂಗ್ಲೆಂಡಿನ ಮಧ್ಯರಾತ್ರಿಗೆ, ನಮ್ಮಲ್ಲಿ ಇನ್ನೂ ಬೆಳಕು ಹರಿಯದ ನಾಲ್ಕೂವರೆಗೆ ಬಿಡುಗಡೆಯಾಗುವ ಮೊದಲೇ, ಯಾರೋ ಒಂದು ಪ್ರತಿಯ ಪುಟ ಪುಟವನ್ನೂ ಕ್ಯಾಮೆರಾದಲ್ಲಿ ಹಿಡಿದು ಇಂಟರ್ನೆಟ್ಟಿಗೆ ಬಿಟ್ಟಿದ್ದರು. ಕಾರ್ಪೆಟ್ ಮೇಲಿಟ್ಟ ಪುಸ್ತಕ, ಪುಟ ಒತ್ತಿ ಹಿಡಿದ ಬೆರಳು, ಎಲ್ಲಾ ಕಾಣುತ್ತಿತ್ತು. ಇಂಜಿನಿಯರಿಂಗ್ ಹಾಸ್ಟೆಲಿನ ಲ್ಯಾನ್ ನೋಡಿದವರಿಗೆ ಆ ಏಳು ಪಿಡಿಎಫ್‌ಗಳ ಫೋಲ್ಡರ್ ನೆನಪಿರುತ್ತದೆ. ಕೊಂಡು ಓದುತ್ತೇನೆ ಅಂದರೂ ಅಧಿಕೃತ ಡಿಜಿಟಲ್ ಪ್ರತಿ ಜಗತ್ತಿನಲ್ಲೇ ಇರಲಿಲ್ಲ.

2012ರ ಮಾರ್ಚ್ 27ರಂದು ಪಾಟರ್‌ಮೋರ್ ಅಂಗಡಿ ತೆರೆಯಿತು. ಹಾರ್ಪರ್‌ಕಾಲಿನ್ಸ್‌ನಿಂದ ಬಂದ ಚಾರ್ಲಿ ರೆಡ್‌ಮೇನ್ ಆಗ ಸಿಇಒ. ಮೊದಲ ಮೂರು ಪುಸ್ತಕ ತಲಾ 4.99 ಪೌಂಡ್, ಉಳಿದವು 6.99. ದೊಡ್ಡ ಸುದ್ದಿ ಬೆಲೆಯದ್ದಲ್ಲ. ಪುಸ್ತಕಗಳಿಗೆ ಡಿಆರ್‌ಎಂ ಬೀಗ ಇರಲಿಲ್ಲ. ಅಂದರೆ ಒಂದು ಕಂಪನಿಯ ಸಾಧನದಲ್ಲಿ ಮಾತ್ರ ತೆರೆಯುವ, ಆ ಕಂಪನಿ ಮನಸ್ಸು ಮಾಡಿದರೆ ಮುಚ್ಚಬಹುದಾದ ಬೀಗ ಇಲ್ಲ. ಕಿಂಡಲ್‌ನಲ್ಲಿ ಓದಿ, ಫೋನಿನಲ್ಲಿ ಓದಿ, ಎಂಟು ಸಲ ಡೌನ್‌ಲೋಡ್ ಮಾಡಿಕೊಳ್ಳಿ. ಬದಲಿಗೆ ಫೈಲಿನೊಳಗೆ ಕೊಂಡವರ ಗುರುತು ಅಡಗಿರುತ್ತಿತ್ತು. ಕದ್ದು ಹಂಚಿದರೆ ಯಾರ ಪ್ರತಿ ಅಂತ ಗೊತ್ತಾಗಲಿ ಅಂತ. ಓದುಗರನ್ನು ಕಳ್ಳರೆಂದು ಮೊದಲೇ ತೀರ್ಮಾನಿಸದ ಏರ್ಪಾಡು.

ಇನ್ನೊಂದು ಸುದ್ದಿ ಅಮೆಜಾನ್‌ನದ್ದು. ಅಮೆಜಾನ್‌ನಲ್ಲಿ ಹ್ಯಾರಿ ಪಾಟರ್ ಕಿಂಡಲ್ ಪುಸ್ತಕ ಹುಡುಕಿದರೆ ಪುಟ ಸಿಗುತ್ತಿತ್ತು, ಆದರೆ ಕೊಳ್ಳುವ ಬಟನ್ ಪಾಟರ್‌ಮೋರ್ ಅಂಗಡಿಗೆ ಕರೆದೊಯ್ಯುತ್ತಿತ್ತು. ಅಮೆಜಾನ್ ತನ್ನ ಗ್ರಾಹಕರನ್ನು ಕೈಹಿಡಿದು ಬೇರೆಯವರ ಅಂಗಡಿಗೆ ಬಿಟ್ಟು ಬಂದದ್ದನ್ನು ಅದಕ್ಕೂ ಮೊದಲು ಪ್ರಕಾಶಕರು ಕಂಡಿರಲಿಲ್ಲ. ಬಾರ್ನ್ಸ್ ಅಂಡ್ ನೋಬಲ್ ಕೂಡ ಹಾಗೇ ಮಾಡಿತು. ಮೊದಲ ಮೂರು ದಿನದಲ್ಲೇ 10 ಲಕ್ಷ ಪೌಂಡ್ ಮಾರಾಟವಾಯಿತು ಅಂತ ರೆಡ್‌ಮೇನ್ ಆಮೇಲೆ ಹೇಳಿದರು. ಒಬ್ಬ ಲೇಖಕಿಗೆ ಇಷ್ಟು ಬಲ ಇರಬಹುದು ಅಂತ ಅಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ. ಆ ಬಲ ಬೇರೆ ಲೇಖಕರಿಗೆ ಸಿಗಲಿಲ್ಲ ಅನ್ನುವುದೂ ನಿಜ. ಏಳು ಪುಸ್ತಕಕ್ಕೆ ಜಗತ್ತು ಸಾಲಲ್ಲಿ ನಿಲ್ಲುವವರು ಎಷ್ಟು ಜನ ಇದ್ದಾರೆ ಹೇಳಿ?

ಊರಿಗೆ ಮಾತ್ರ ಬೇಗ ವಯಸ್ಸಾಯಿತು. ಅಧ್ಯಾಯಗಳು ನಿಧಾನ ಬಂದವು. ಎರಡನೇ ಪುಸ್ತಕ 2012ರ ಜುಲೈನಲ್ಲಿ, ಮೂರನೆಯದು ಆಮೇಲೆ ಶುರುವಾಗಿ, ಏಳನೆಯದನ್ನು ಮುಟ್ಟುವಷ್ಟರಲ್ಲಿ 2015. ಹನ್ನೊಂದು ವರ್ಷದ ಮಗು ಹದಿನೈದಾಗಿತ್ತು. ಪ್ರತಿ ದೃಶ್ಯವನ್ನೂ ಚಿತ್ರಕಾರರು ಬರೆದು, ಪದರ ಪದರವಾಗಿ ಚಲನೆ ಕೊಟ್ಟು ತಯಾರಿಸಬೇಕಿತ್ತು. ಅಂಥದ್ದನ್ನು ಪುಕ್ಕಟೆ ಕೊಡುವುದಕ್ಕೆ ದುಡ್ಡು ಎಲ್ಲಿಂದಲೋ ಬರಬೇಕು. ಸೋನಿ ಜೊತೆಗಿನ ಒಪ್ಪಂದ ಮುಗಿದ ಮೇಲೆ ಕಂಪನಿಯ ಲೆಕ್ಕದಲ್ಲಿ ನಷ್ಟ ಕಾಣತೊಡಗಿತು. ರೆಡ್‌ಮೇನ್ 2013ರಲ್ಲೇ ಹಾರ್ಪರ್‌ಕಾಲಿನ್ಸ್‌ಗೆ ವಾಪಸ್ ಹೋಗಿದ್ದರು. ಅವರ ಜಾಗಕ್ಕೆ ಸೋನಿಯಿಂದ ಸುಸಾನ್ ಜುರೆವಿಕ್ಸ್ ಬಂದಿದ್ದರು. ಅಷ್ಟರಲ್ಲಿ ಜನ ಡೆಸ್ಕ್‌ಟಾಪ್ ಬಿಟ್ಟು ಫೋನಿಗೆ ಹೋಗಿಯಾಗಿತ್ತು. ಮೌಸ್ ಹಿಡಿದು ಬೇರು ಅರೆಯುವ ಆಟ ಐದು ಇಂಚಿನ ಪರದೆಗೆ ಕಟ್ಟಿದ್ದಲ್ಲ.

2015ರ ಸೆಪ್ಟೆಂಬರ್ 22ರಂದು ಹೊಸ ಪಾಟರ್‌ಮೋರ್ ಬಂತು. ಸ್ವಚ್ಛ, ವೇಗ, ಮೊಬೈಲಿಗೆ ಹೇಳಿ ಮಾಡಿಸಿದ್ದು. ಸುದ್ದಿ, ಲೇಖನ, ರೌಲಿಂಗ್ ಬರಹ. ಪೇಟೆಬೀದಿ ಇಲ್ಲ, ಬ್ಯಾಂಕಿನ ನಾಣ್ಯ ಇಲ್ಲ, ಕಡಾಯಿ ಇಲ್ಲ, ಪಾಯಿಂಟ್ ಇಲ್ಲ. ಅಧ್ಯಾಯಗಳಲ್ಲಿ ನಡೆದಾಡುವ ದಾರಿಯೇ ಇಲ್ಲ. ಮಕ್ಕಳು ಬರೆದು ಏರಿಸಿದ ಚಿತ್ರಗಳಿಗೆ ಹೊಸ ಮನೆಯಲ್ಲಿ ಜಾಗ ಇರಲಿಲ್ಲ. ಟೋಪಿಯ ಪರೀಕ್ಷೆ 2016ರ ಜನವರಿಯಲ್ಲಿ ವಾಪಸ್ ಬಂತು. ಮತ್ತೆ ಪರೀಕ್ಷೆ ತೆಗೆದುಕೊಂಡ ಎಷ್ಟೋ ಜನಕ್ಕೆ ಬೇರೆಯೇ ಹೌಸ್ ಬಂತು. ನಾಲ್ಕು ವರ್ಷ ಸ್ಲಿದರಿನ್ ಆಗಿ ಬದುಕಿದವರಿಗೆ ನೀವು ಗ್ರಿಫಿಂಡರ್ ಅಂದರೆ ಹೇಗಾಗಬೇಡ? ಹೊರಗಿನವರಿಗೆ ಇದು ತಮಾಷೆ. ಜಾತಕ ಬರೆದ ಜೋಯಿಸರೇ ಎಷ್ಟೋ ವರ್ಷ ಆದ ಮೇಲೆ ನಿಮ್ಮ ರಾಶಿ ಬೇರೆ ಅಂದರೆ ಮನೆಯಲ್ಲಿ ಏನಾಗುತ್ತೆ ಅಂತ ಯೋಚಿಸಿ ನೋಡಿ, ಆಗ ಸ್ವಲ್ಪ ಅಂದಾಜಾಗಬಹುದು.

ಇಲ್ಲಿ ನನ್ನ ವೃತ್ತಿಯ ಮಾತು ಒಂದು ಹೇಳಬೇಕು. ಹಳೆಯ ಸಿಸ್ಟಮ್ ಮುಚ್ಚುವುದು ಅಪರಾಧ ಏನಲ್ಲ. ನಾವೆಲ್ಲರೂ ಮುಚ್ಚುತ್ತೇವೆ, ಅದಕ್ಕೆ ಸನ್‌ಸೆಟ್ ಅಂತ ಚಂದದ ಹೆಸರನ್ನೂ ಇಟ್ಟಿದ್ದೇವೆ. ಖರ್ಚು ಜಾಸ್ತಿ, ಬಳಸುವವರು ಕಡಿಮೆ, ಕೋಡ್ ಹಳೆಯದು, ಕಾರಣಗಳು ಯಾವಾಗಲೂ ನಿಜವೇ ಆಗಿರುತ್ತವೆ. ಪಾಟರ್‌ಮೋರ್ ವಿಷಯದಲ್ಲೂ ನಿಜ. ನನಗೆ ಕಾಡುವುದು ಏನನ್ನು ಹೊತ್ತೊಯ್ದರು, ಏನನ್ನು ಬಿಟ್ಟರು ಅನ್ನುವುದು. ರೌಲಿಂಗ್ ಬರೆದದ್ದು ಹೊಸ ತಾಣಕ್ಕೆ ಹೋಯಿತು. 2016ರ ಸೆಪ್ಟೆಂಬರ್‌ನಲ್ಲಿ ಅದರ ಒಂದಿಷ್ಟು ಭಾಗ "ಪಾಟರ್‌ಮೋರ್ ಪ್ರೆಸೆಂಟ್ಸ್" ಎಂಬ ಹೆಸರಿನಲ್ಲಿ ಮೂರು ಪುಟ್ಟ ಇ-ಬುಕ್ಕಾಗಿಯೂ ಬಂತು. ಕೊಂಡವರ ಪುಸ್ತಕಗಳೂ ಸುರಕ್ಷಿತ. ಬೀಗ ಇರಲಿಲ್ಲವಲ್ಲ, 2012ರಲ್ಲಿ ಇಳಿಸಿಕೊಂಡ ಫೈಲು ಇವತ್ತೂ ತೆರೆಯುತ್ತದೆ. ಓದುಗರು ಮಾಡಿದ್ದು ಮಾತ್ರ ಹೊಸ ಮನೆಯ ಸಾಮಾನಿನ ಪಟ್ಟಿಯಲ್ಲಿ ಬರಲಿಲ್ಲ. ತಾಣದ ಒಂದು ಭಾಗವನ್ನು ನೀವೇ ಕಟ್ಟುತ್ತೀರಿ ಅಂದಿದ್ದರಲ್ಲ, ಹೋದದ್ದು ಅದೇ ಭಾಗ.

ಆಮೇಲಿನದ್ದು ಬೇಗ ಹೇಳಿ ಮುಗಿಸಬಹುದು. 2016ರ ಮಾರ್ಚ್‌ನಲ್ಲಿ ರೌಲಿಂಗ್ ಉತ್ತರ ಅಮೆರಿಕದ ಮಾಂತ್ರಿಕ ಚರಿತ್ರೆ ಅಂತ ಬರೆದು, ಅಲ್ಲಿನ ಮೂಲನಿವಾಸಿಗಳ ಜೀವಂತ ನಂಬಿಕೆಗಳನ್ನು ಕಥೆಯ ಸಾಮಾನು ಮಾಡಿಕೊಂಡಿದ್ದಾರೆ ಅಂತ ಆ ಸಮುದಾಯದವರಿಂದಲೇ ಟೀಕೆ ಕೇಳಬೇಕಾಯಿತು. ಕಥಾಲೋಕ ಯಾರದ್ದು ಅನ್ನುವ ಹಳೇ ಪ್ರಶ್ನೆ ಈ ಸಲ ಇನ್ನೊಂದು ಕಡೆಯಿಂದ ಬಂದಿತ್ತು. 2019ರ ಅಕ್ಟೋಬರ್‌ನಲ್ಲಿ ಪಾಟರ್‌ಮೋರ್ ತಾಣದ ಹೆಸರೂ ಹೋಗಿ, ವಾರ್ನರ್ ಬ್ರದರ್ಸ್ ಜೊತೆಗೂಡಿದ ವಿಝಾರ್ಡಿಂಗ್ ವರ್ಲ್ಡ್ ಬಂತು. 2000ದಲ್ಲಿ ಮಕ್ಕಳಿಗೆ ಪತ್ರ ಕಳಿಸಿದ್ದ ಅದೇ ಸ್ಟುಡಿಯೋ ಈಗ ಅಧಿಕೃತ ಫ್ಯಾನ್ ಕ್ಲಬ್ಬಿನ ಪಾಲುದಾರ. ಪಾಟರ್‌ಮೋರ್ ಅನ್ನುವ ಹೆಸರು ಇವತ್ತು ಉಳಿದಿರುವುದು ಇ-ಬುಕ್, ಆಡಿಯೋಬುಕ್ ತರುವ ಪ್ರಕಾಶನ ಸಂಸ್ಥೆಗೆ. ಶಾಲೆ ಮುಚ್ಚಿತು, ವ್ಯಾಪಾರ ಉಳಿಯಿತು.

ಇತ್ತ, ಹನ್ನೆರಡು ವರ್ಷದ ಹುಡುಗ ಶುರು ಮಾಡಿದ ಮಗಲ್‌ನೆಟ್ ಇನ್ನೂ ಇದೆ. ಕೋರ್ಟು ಕಂಡು ಬಂದ ಲೆಕ್ಸಿಕನ್ ಕೂಡ ಇದೆ. ಗೆದ್ದಲು ಕಟ್ಟಿದ ಹುತ್ತ ಮಳೆ ತಡೆದುಕೊಂಡಿತು. ಹಾವು ತಾನೇ ಕಟ್ಟಿ, ಗೆದ್ದಲುಗಳನ್ನು ಒಳಗೆ ಕರೆದುಕೊಂಡ ಹುತ್ತ ನಾಲ್ಕು ವರ್ಷ ನಿಂತಿತು.

ಹಳೆಯ ಪಾಟರ್‌ಮೋರ್ ಹೇಗಿತ್ತು ಅಂತ ಈಗ ನೋಡಬೇಕೆಂದರೆ ದಾರಿ ಕಷ್ಟ. ಮುಖ್ಯವಾದದ್ದೆಲ್ಲ ಲಾಗಿನ್ ಆದಮೇಲೆ ತೆರೆಯುತ್ತಿದ್ದರಿಂದ ಇಂಟರ್ನೆಟ್ ಆರ್ಕೈವ್‌ನ ಯಂತ್ರಕ್ಕೆ ಸಿಕ್ಕಿದ್ದು ಹೊರಗಿನ ಬಾಗಿಲು ಮಾತ್ರ. ಉಳಿದದ್ದು ಅಭಿಮಾನಿಗಳು ಆಡುತ್ತಾ ಆಡುತ್ತಾ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ ವಿಡಿಯೋಗಳು, ಮುಚ್ಚುವ ಮೊದಲು ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗಳು. ಅದರಲ್ಲಿ ಹೆಚ್ಚಿನವು ಮಂತ್ರದಂಡದ ವಿವರ ಇರುವ ಪುಟದ್ದು: ಯಾವ ಮರ, ಎಷ್ಟು ಇಂಚು, ಬಾಗುತ್ತದೋ ಇಲ್ಲವೋ.